ಮರದ ಮಾದರಿ ಹಡಗಿನ ಕಿಟ್‌ಗೆ ನಂಬಬಹುದಾದ ಆಕರಗಳನ್ನು ಹುಡುಕುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಮರದ ಹಡಗಿನ ಕಿಟ್ ಕೊಂಡರೆ ಪೆಟ್ಟಿಗೆಯೊಳಗೆ ನಕ್ಷೆ ಇರುತ್ತದೆ, ಸೂಚನಾ ಪುಸ್ತಿಕೆ ಇರುತ್ತದೆ, ಮುಚ್ಚಳದ ಮೇಲೆ ಬಣ್ಣದ ಚಿತ್ರವೂ ಇರುತ್ತದೆ. ಇಷ್ಟೆಲ್ಲ ಇರುವಾಗ ಬೇರೆ ಆಕರ ಯಾಕೆ ಎಂದು ಹೊಸಬರು ಕೇಳುತ್ತಾರೆ. ಕಿಟ್ ತಯಾರಕರು ಬೆಲೆ, ಅಚ್ಚು, ಜೋಡಿಸುವ ಸುಲಭ ಇವೆಲ್ಲವನ್ನೂ ನೋಡಿ ಹತ್ತಾರು ಕಡೆ ರಾಜಿ ಮಾಡಿಕೊಂಡಿರುತ್ತಾರೆ. ಒಂದೇ ಅಚ್ಚಿನ ಫಿರಂಗಿ ನೂರು ವರ್ಷ ಅಂತರದ ಎರಡು ಹಡಗುಗಳ ಪೆಟ್ಟಿಗೆಯಲ್ಲಿ ಸಿಗುತ್ತದೆ. ಹಗ್ಗ ಎರಡೋ ಮೂರೋ ದಪ್ಪದಲ್ಲಿ ಮಾತ್ರ ಇರುತ್ತದೆ. ಲಂಗರು, ದೋಣಿ, ಧ್ವಜ ಯಾವ ಕಾಲಕ್ಕೂ ಸೇರದೆ ಇರಬಹುದು. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಎಂದು ತೀರ್ಮಾನಿಸಲು ಹೊರಗಿನ ಆಧಾರ ಬೇಕೇ ಬೇಕು.

ಆದರೆ ಆಕರಗಳಲ್ಲಿ ಸಾರ್ವಕಾಲಿಕವಾಗಿ ಒಳ್ಳೆಯದು, ಕೆಟ್ಟದ್ದು ಎಂಬುದಿಲ್ಲ. ಒಂದು ನಿರ್ದಿಷ್ಟ ಹಡಗಿನ ಒಂದು ನಿರ್ದಿಷ್ಟ ವರ್ಷಕ್ಕೆ ಅದು ಎಷ್ಟು ಹತ್ತಿರ ನಿಂತಿದೆ, ಅದರಲ್ಲಿರುವ ವಿಷಯ ಅದಕ್ಕೆ ಗೊತ್ತಾದದ್ದು ಹೇಗೆ ಎಂಬ ಎರಡು ಪ್ರಶ್ನೆಗಳಿಂದಲೇ ಅದನ್ನು ತೂಗಬೇಕು. ಈ ಲೇಖನದಲ್ಲಿರುವ ಹಂತಗಳೆಲ್ಲ ಅವೆರಡು ಪ್ರಶ್ನೆಗಳನ್ನು ಕೇಳುವ ಬಗೆಗಳು.

ಹಂತ 1: ಹಡಗಿನ ಹೆಸರಿನ ಜೊತೆ ವರ್ಷವನ್ನೂ ಬರೆದುಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಮರದ ಹಡಗು ನೀರಿಗಿಳಿದ ದಿನ ಇದ್ದಂತೆ ಕೊನೆಯವರೆಗೂ ಇರುತ್ತಿರಲಿಲ್ಲ. ರಿಪೇರಿಗೆ ಹೋದಾಗಲೆಲ್ಲ ಏನಾದರೊಂದು ಬದಲಾಗುತ್ತಿತ್ತು.

ಬ್ರಿಟಿಷ್ ನೌಕಾಪಡೆಯ ವಿಕ್ಟರಿಯನ್ನೇ ನೋಡಿ. ಥಾಮಸ್ ಸ್ಲೇಡ್ ವಿನ್ಯಾಸ ಮಾಡಿದ ಈ ಹಡಗು ಚ್ಯಾಥಮ್‌ನಲ್ಲಿ 1765ರಲ್ಲಿ ನೀರಿಗಿಳಿಯಿತು. ಅದು ಹೋರಾಡಿದ ಪ್ರಸಿದ್ಧ ಟ್ರಫಾಲ್ಗರ್ ಕದನ ನಡೆದದ್ದು 1805ರಲ್ಲಿ. ನಡುವೆ, 1800ರಿಂದ 1803ರವರೆಗೆ ನಡೆದ ದೊಡ್ಡ ದುರಸ್ತಿಯಲ್ಲಿ ಹಿಂಬದಿಯ ತೆರೆದ ಮೊಗಸಾಲೆಗಳನ್ನು ಮುಚ್ಚಿಬಿಟ್ಟರು. ನಿಮ್ಮ ಕಿಟ್ 1805ರ ವಿಕ್ಟರಿಯದ್ದಾಗಿದ್ದು, ಕೈಯಲ್ಲಿರುವ ಸೊಗಸಾದ ಚಿತ್ರ 1765ರ ಹಡಗಿನದಾದರೆ, ಚಿತ್ರ ನೂರಕ್ಕೆ ನೂರು ನಿಜವಾಗಿದ್ದರೂ ನಿಮ್ಮ ಪಾಲಿಗೆ ತಪ್ಪು ಆಕರ.

ಅಮೆರಿಕದ ಕಾನ್‌ಸ್ಟಿಟ್ಯೂಷನ್ 1797ರಲ್ಲಿ ಬಾಸ್ಟನ್‌ನಲ್ಲಿ ನೀರಿಗಿಳಿದದ್ದು, ಇಂದಿಗೂ ಅಲ್ಲೇ ತೇಲುತ್ತಿದೆ. ಎರಡು ಶತಮಾನದ ರಿಪೇರಿಗಳನ್ನು ಕಂಡಿರುವ ಹಡಗು ಅದು. ಕೆನಡಾದ ಬ್ಲೂನೋಸ್ ಎಂಬ ಸ್ಕೂನರ್ ಬಗೆಯ ಹಾಯಿಹಡಗು ಕಟ್ಟುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಮೂಲ ಬ್ಲೂನೋಸ್ 1921ರದ್ದು, ಮೀನು ಹಿಡಿಯುವ ಹಡಗು. ಬ್ಲೂನೋಸ್ 2 ಎಂಬುದು 1963ರಲ್ಲಿ ಕಟ್ಟಿದ ಪ್ರತಿಕೃತಿ. ಹುಡುಕಿದರೆ ಸಿಗುವ ಬಣ್ಣದ ಫೋಟೋಗಳಲ್ಲಿ ಬಹುಪಾಲು ಎರಡನೆಯದರವು, ಡೆಕ್ಕಿನ ಮೇಲಿನ ಮನೆಗಳಿಂದ ಹಿಡಿದು ಹಲವು ವಿವರ ಬೇರೆ.

ಹಾಗಾಗಿ ಒಂದು ಕಾಗದದ ಮೇಲೆ ‘ವಿಕ್ಟರಿ, ಅಕ್ಟೋಬರ್ 1805’ ಎಂಬಂತೆ ಬರೆದು ಕೆಲಸದ ಮೇಜಿನ ಎದುರು ಅಂಟಿಸಿ. ಮುಂದೆ ಸಿಗುವ ಪ್ರತಿಯೊಂದು ಚಿತ್ರ, ನಕ್ಷೆ, ಪುಸ್ತಕವನ್ನೂ ಆ ಸಾಲಿನ ಪಕ್ಕದಲ್ಲಿಟ್ಟು ನೋಡಬೇಕು. ಯಾವ ವರ್ಷ ಆರಿಸಿಕೊಳ್ಳಬೇಕು ಎಂಬ ಗೊಂದಲವಿದ್ದರೆ ನನ್ನ ಸಲಹೆ ಇಷ್ಟೇ: ಹೆಚ್ಚು ದಾಖಲೆ ಉಳಿದಿರುವ ವರ್ಷವನ್ನು ಆರಿಸಿ. ಪ್ರಸಿದ್ಧ ಕದನದ ವರ್ಷವೇ ಆಗಬೇಕೆಂದಿಲ್ಲ.

ಹಂತ 2: ಆ ಹಡಗಿಗೆ ಮೂಲ ದಾಖಲೆ ಇರುವುದು ಸಾಧ್ಯವೇ?

ಹುಡುಕಲು ಹೊರಡುವ ಮೊದಲು ಏನು ಸಿಗಬಹುದು, ಏನು ಸಿಗಲಾರದು ಎಂದು ತಿಳಿದಿದ್ದರೆ ಎಷ್ಟೋ ಶ್ರಮ ಉಳಿಯುತ್ತದೆ. ಕೊಲಂಬಸ್‌ನ ಸಾಂತಾ ಮರಿಯಾಕ್ಕೆ ಯಾವ ನಕ್ಷೆಯೂ ಇಲ್ಲ. ಮೇಫ್ಲವರ್, ಗೋಲ್ಡನ್ ಹೈಂಡ್‌ಗಳದೂ ಅದೇ ಕತೆ. ಇಂದು ಕಾಣುವ ಅವುಗಳ ಮಾದರಿಗಳೆಲ್ಲ ಆ ಕಾಲದ ಹಡಗುಗಳ ಬಗ್ಗೆ ಗೊತ್ತಿರುವುದನ್ನು ಕಲೆಹಾಕಿ ಮಾಡಿದ ಊಹೆಗಳು. ಕೆಲವು ಬಹಳ ವಿದ್ವತ್ತಿನ ಊಹೆಗಳು, ಗೌರವಕ್ಕೆ ಅರ್ಹವಾದವು, ಆದರೂ ಊಹೆಗಳೇ. 17ನೇ ಶತಮಾನದ ಡಚ್ ಬಡಗಿಗಳು ನಕ್ಷೆ ಬರೆಯದೆ, ಅನುಪಾತದ ಲೆಕ್ಕ ಮತ್ತು ಕಣ್ಣಳತೆಯ ಮೇಲೆಯೇ ಹಡಗು ಕಟ್ಟುತ್ತಿದ್ದರು. ಅಂಥ ಹಡಗಿನ ಪೆಟ್ಟಿಗೆಯ ಮೇಲೆ ‘ಮೂಲ ನಕ್ಷೆಯ ಆಧಾರದಿಂದ’ ಎಂದಿದ್ದರೆ ಅಲ್ಲೇ ಎಚ್ಚರವಾಗಬೇಕು.

ನಕ್ಷೆ ಇಲ್ಲದಿದ್ದರೂ ಹಡಗೇ ಸಿಕ್ಕಿರುವ ಉದಾಹರಣೆಗಳಿವೆ. ಸ್ವೀಡನ್ನಿನ ವಾಸಾ 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು. 1961ರಲ್ಲಿ ಅದನ್ನು ಮೇಲೆತ್ತಿದರು. ಹಡಗೇ ಕಣ್ಣೆದುರು ಇದ್ದರೂ ಹಳೆಯ ಚಿತ್ರಗಳಲ್ಲಿ, ಮಾದರಿಗಳಲ್ಲಿ ಅದರ ಹಿಂಬದಿಗೆ ನೀಲಿ ಹಿನ್ನೆಲೆ ಬಳಿಯುತ್ತಿದ್ದರು. ಮುಂದೆ ಮರದ ಮೇಲೆ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಹಿನ್ನೆಲೆ ಕೆಂಪಾಗಿತ್ತೆಂದೂ ಶಿಲ್ಪಗಳು ಬಗೆಬಗೆಯ ಬಣ್ಣದಲ್ಲಿದ್ದವೆಂದೂ ತಿಳಿಯಿತು. ಆದ್ದರಿಂದ ವಾಸಾ ಕಟ್ಟುವವರು ಪುಸ್ತಕ ಅಥವಾ ಕಿಟ್ ಯಾವ ವರ್ಷದ್ದು ಎಂದು ನೋಡದೆ ಬಣ್ಣ ಮುಟ್ಟಬಾರದು.

ಸ್ಥೂಲವಾಗಿ ಹೇಳುವುದಾದರೆ, 18ನೇ ಶತಮಾನದ ಯುದ್ಧನೌಕೆಗಳಿಗೆ ನಕ್ಷೆ ಸಿಗುವ ಸಂಭವ ಚೆನ್ನಾಗಿದೆ, ಅದಕ್ಕೂ ಹಿಂದಿನವುಗಳಿಗೆ ಕಡಿಮೆ. ವ್ಯಾಪಾರಿ ಹಡಗುಗಳದ್ದು ಅದೃಷ್ಟ. 19ನೇ ಶತಮಾನದ ನಡುವಿನಿಂದ ಈಚೆಗೆ ಫೋಟೋ ಮತ್ತು ವಿಮಾ ತಪಾಸಣೆಯ ವರದಿಗಳು ಸೇರಿಕೊಳ್ಳುತ್ತವೆ.

ಹಂತ 3: ಕಿಟ್‌ನ ಮೂಲ ಕೇಳಿ

ಪುಸ್ತಿಕೆಯಲ್ಲಿ ನಕ್ಷೆಗೆ ಆಧಾರ ಯಾವುದೆಂದು ಹೇಳಿದ್ದಾರೆಯೇ? ಸಂಗ್ರಹಾಲಯದ ಹೆಸರು, ನಕ್ಷೆಯ ಕ್ರಮಸಂಖ್ಯೆ, ವರ್ಷ ಕೊಟ್ಟಿದ್ದರೆ ಒಳ್ಳೆಯ ಲಕ್ಷಣ. ‘ಆಳವಾದ ಸಂಶೋಧನೆಯ ಫಲ’ ಎಂದಷ್ಟೇ ಬರೆದಿದ್ದರೆ ಅದಕ್ಕೆ ತೂಕವಿಲ್ಲ. ತಯಾರಕರಿಗೆ ನೇರವಾಗಿ ಪತ್ರ ಬರೆದು ಕೇಳಿ. ನಿಜವಾಗಿ ಕೆಲಸ ಮಾಡಿದವರು ಸಂತೋಷದಿಂದ ಹೇಳುತ್ತಾರೆ.

ಹಂತ 4: ಮೂಲ ನಕ್ಷೆ ಹುಡುಕಿ, ಓದಲು ಕಲಿಯಿರಿ

ಬ್ರಿಟಿಷ್ ನೌಕಾಪಡೆಯ ಹಡಗಾದರೆ ಮೊದಲ ನಿಲ್ದಾಣ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ. ನೌಕಾಪಡೆಯ ಆಡಳಿತ ಕಚೇರಿಯಾದ ಅಡ್ಮಿರಲ್ಟಿಯ ನಕ್ಷೆಗಳ ಬಹುದೊಡ್ಡ ಸಂಗ್ರಹ ಅಲ್ಲಿದೆ. ಅವುಗಳಲ್ಲಿ ಬಹಳಷ್ಟರ ಚಿತ್ರ ಮತ್ತು ವಿವರಣೆಯನ್ನು ಆನ್‌ಲೈನ್ ಪಟ್ಟಿಯಲ್ಲೇ ನೋಡಬಹುದು. ಝಡ್-ಎ-ಝಡ್ ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ದೊಡ್ಡ ಪ್ರತಿ ತರಿಸುವಾಗಲೂ ಬೇರೆಯವರೊಡನೆ ಚರ್ಚಿಸುವಾಗಲೂ ಗೊಂದಲವಿರುವುದಿಲ್ಲ. ಅಮೆರಿಕದ ಹಡಗುಗಳಿಗೆ ಅಲ್ಲಿನ ನ್ಯಾಷನಲ್ ಆರ್ಕೈವ್ಸ್ ಮತ್ತು ಸ್ಮಿತ್‌ಸೋನಿಯನ್, ಡೆನ್ಮಾರ್ಕಿನವುಗಳಿಗೆ ಅಲ್ಲಿನ ರಾಷ್ಟ್ರೀಯ ದಫ್ತರದ ಸ್ಕ್ಯಾನುಗಳು, ಫ್ರಾನ್ಸಿನವುಗಳಿಗೆ ಪ್ಯಾರಿಸ್‌ನ ನೌಕಾ ಸಂಗ್ರಹಾಲಯ ಹಾಗೂ ವ್ಯಾನ್ಸೆನ್‌ನಲ್ಲಿರುವ ಸೇನಾ ದಫ್ತರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದಿರುವ ಹಳೆಯ ಹಡಗುಗಳನ್ನು ಅಳೆದು ಬರೆದ ನಕ್ಷೆಗಳಿವೆ, ಉಚಿತವಾಗಿ ಇಳಿಸಿಕೊಳ್ಳಬಹುದು. 19ನೇ ಶತಮಾನದ ವ್ಯಾಪಾರಿ ಹಡಗುಗಳಿಗೆ ಲಾಯ್ಡ್ಸ್ ರಿಜಿಸ್ಟರ್‌ನ ಪಾರಂಪರಿಕ ಸಂಗ್ರಹದಲ್ಲಿರುವ ತಪಾಸಣಾ ವರದಿಗಳು ಚಿನ್ನದಂಥವು. ಯಾವ ಮರ, ಎಷ್ಟು ದಪ್ಪ, ಯಾವ ಮೊಳೆ ಎಂಬಷ್ಟರವರೆಗೆ ಬರೆದಿರುತ್ತಾರೆ.

ಹೆಸರಿನಿಂದ ಹುಡುಕಿದಾಗ ಸಿಗಲಿಲ್ಲ ಎಂದು ಕೈಚೆಲ್ಲಬೇಡಿ. ಒಂದೇ ವಿನ್ಯಾಸದಲ್ಲಿ ಹಲವು ಹಡಗು ಕಟ್ಟುತ್ತಿದ್ದರು, ನಕ್ಷೆ ಸೋದರ ಹಡಗಿನ ಹೆಸರಿನಲ್ಲಿರಬಹುದು. ಕೊಂಡ ಹಡಗಾದರೆ ಹಳೆಯ ಹೆಸರಿನಲ್ಲಿರಬಹುದು. ಕ್ಯಾಪ್ಟನ್ ಕುಕ್‌ನ ಎಂಡೆವರ್ ಮೊದಲು ಅರ್ಲ್ ಆಫ್ ಪೆಂಬ್ರೋಕ್ ಆಗಿತ್ತು, ಬೌಂಟಿ ಮೊದಲು ಬೆಥಿಯಾ ಆಗಿತ್ತು. ಫ್ರೆಂಚ್ ಅಥವಾ ಸ್ಪ್ಯಾನಿಷ್ ಹಡಗನ್ನು ಬ್ರಿಟಿಷರು ಸೆರೆಹಿಡಿದಿದ್ದರೆ ಇನ್ನೂ ಒಳ್ಳೆಯದು. ಹಿಡಿದ ಹಡಗನ್ನು ಬಂದರಿಗೆ ತಂದು, ಅಳೆದು ನಕ್ಷೆ ಬರೆದುಕೊಳ್ಳುವ ರೂಢಿ ಅವರಲ್ಲಿತ್ತು. ಹೀಗಾಗಿ ಶತ್ರುವಿನ ಹಡಗಿನ ಅತ್ಯುತ್ತಮ ನಕ್ಷೆ ಎಷ್ಟೋ ಸಲ ಗ್ರೀನಿಚ್‌ನಲ್ಲಿ ಸಿಗುತ್ತದೆ.

ನಕ್ಷೆ ಸಿಕ್ಕ ಮೇಲೆ ಅದರ ಮೂಲೆಯಲ್ಲಿರುವ ಕೈಬರಹದ ಟಿಪ್ಪಣಿಯನ್ನು ಮೊದಲು ಓದಿ. ಇದು ಕಟ್ಟುವ ಮೊದಲಿನ ವಿನ್ಯಾಸವೋ, ಕಟ್ಟಿದ ಮೇಲೆ ಅಳೆದದ್ದೋ ಎಂಬುದು ಅಲ್ಲೇ ಇರುತ್ತದೆ. ಕಟ್ಟಿದ ಮೇಲೆ ಅಳೆದದ್ದಕ್ಕೇ ಹೆಚ್ಚು ಬೆಲೆ ಕೊಡಿ. ಒಂದೇ ಹಾಳೆಯಲ್ಲಿ ಬೇರೆ ಬಣ್ಣದ ಶಾಯಿಯ ಗೆರೆಗಳು ಕಂಡರೆ ಅವು ಸಾಮಾನ್ಯವಾಗಿ ಆಮೇಲೆ ಮಾಡಿದ ಅಥವಾ ಮಾಡಬೇಕೆಂದಿದ್ದ ಬದಲಾವಣೆಗಳು.

ಇಂಥ ಹಾಳೆಯಲ್ಲಿ ಮೂರು ನೋಟಗಳಿರುತ್ತವೆ. ಪಕ್ಕದಿಂದ ಕಾಣುವ ಹಡಗು, ಮೇಲಿನಿಂದ ಕಾಣುವ ಅರ್ಧ ಹಡಗು, ಮತ್ತು ಅಡ್ಡಸೀಳಿಕೆಗಳನ್ನು ಒಂದರ ಮೇಲೊಂದು ಬರೆದ ಒಡಲಿನ ನೋಟ. ಕಿಟ್ ಕಟ್ಟುವವರಿಗೆ ಮೂರನೆಯದೇ ಪರೀಕ್ಷೆಯ ಸಾಧನ. ಕಿಟ್‌ನ ಬಲ್ಕ್‌ಹೆಡ್ ತುಂಡುಗಳನ್ನು (ಒಡಲಿಗೆ ಆಕಾರ ಕೊಡುವ ಅಡ್ಡ ಚೌಕಟ್ಟುಗಳು) ಸ್ಕ್ಯಾನ್ ಮಾಡಿ, ಅದೇ ಪ್ರಮಾಣಕ್ಕೆ ತಂದು, ಒಡಲಿನ ನೋಟದ ಗೆರೆಗಳ ಮೇಲೆ ಇಟ್ಟು ನೋಡಿ. ಇಲ್ಲೊಂದು ಸೂಕ್ಷ್ಮವಿದೆ. ಇಂಗ್ಲಿಷ್ ನಕ್ಷೆಗಳ ಗೆರೆ ಚೌಕಟ್ಟಿನ ಹೊರ ಅಂಚಿನದ್ದು, ಅದರ ಮೇಲೆ ಹೊಡೆಯುವ ಹಲಗೆಯ ದಪ್ಪ ಅದರಲ್ಲಿ ಸೇರಿರುವುದಿಲ್ಲ. ಕಿಟ್‌ನಲ್ಲಿ ಎರಡು ಪದರ ಹಲಗೆ ಹೊಡೆಯುವುದಿದ್ದರೆ ಮೊದಲ ಪದರವಾದ ಮೇಲೆ ಸಿಗುವ ಆಕಾರ ನಕ್ಷೆಯ ಗೆರೆಗೆ ಹತ್ತಿರ ಬರಬೇಕು. ಇದನ್ನು ತಿಳಿಯದೆ ಹೋಲಿಸಿದರೆ ಸರಿಯಾದ ಬಲ್ಕ್‌ಹೆಡ್ಡೇ ಸಣ್ಣದೆಂದು ತೋರಿ, ಸುಮ್ಮನೆ ಮರ ಸೇರಿಸುವಂತಾಗುತ್ತದೆ.

ಪ್ರಿಂಟ್ ತೆಗೆಸುವಾಗ ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ಆಫ್ ಇರಲಿ. ಹಾಳೆ ಬಂದ ಮೇಲೆ ನಕ್ಷೆಯಲ್ಲಿರುವ ಅಳತೆಪಟ್ಟಿಯನ್ನು ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. ಅಡ್ಡಕ್ಕೂ ಉದ್ದಕ್ಕೂ ಒಂದೇ ಪ್ರಮಾಣ ಬಂದಿದೆಯೇ ನೋಡಿ. ಹಳೆಯ ಕಾಗದ ಒಂದು ದಿಕ್ಕಿನಲ್ಲಿ ಹೆಚ್ಚು ಕುಗ್ಗಿರುತ್ತದೆ.

ಹಂತ 5: ಅಳತೆಗಳನ್ನು ಒಂದೇ ಭಾಷೆಗೆ ತನ್ನಿ

ಎರಡು ಪುಸ್ತಕಗಳು ಒಂದೇ ಹಡಗಿಗೆ ಬೇರೆ ಬೇರೆ ಉದ್ದ ಹೇಳುತ್ತವೆಯೇ? ಎರಡೂ ಸರಿಯಿರಬಹುದು. ವಿಕ್ಟರಿಯ ಫಿರಂಗಿ ಡೆಕ್ಕಿನ ಉದ್ದ 186 ಅಡಿ, ಇಡೀ ಹಡಗಿನ ಉದ್ದ 227 ಅಡಿ 6 ಇಂಚು. ತಳದುದ್ದಕ್ಕೂ ಬೆನ್ನೆಲುಬಿನಂತಿರುವ ಮರದ (ಕೀಲ್) ಉದ್ದ ಬೇರೆ. ಕಿಟ್ ಪೆಟ್ಟಿಗೆಯ ಮೇಲಿನ ಉದ್ದವಂತೂ ಮೂತಿಯಿಂದ ಮುಂದೆ ಚಾಚಿದ ಕಂಬವನ್ನೂ ಸೇರಿಸಿದ್ದು. ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂದು ಹೇಳದ ಅಂಕಿಯಿಂದ ಪ್ರಮಾಣ ಲೆಕ್ಕ ಹಾಕಬೇಡಿ.

ಅಡಿಯೂ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಇಂಗ್ಲಿಷ್ ಅಡಿ 304.8 ಮಿ.ಮೀ., ಹಳೆಯ ಫ್ರೆಂಚ್ ಅಡಿ 324.8 ಮಿ.ಮೀ., ಆಮ್‌ಸ್ಟರ್‌ಡ್ಯಾಮಿನ ಅಡಿ ಸುಮಾರು 283 ಮಿ.ಮೀ., ಅದರಲ್ಲೂ ಅಡಿಗೆ 11 ಇಂಚು. ‘100 ಅಡಿ’ಯ ಹಡಗನ್ನು 1:64ರಲ್ಲಿ, ಅಂದರೆ ನಿಜದ ಗಾತ್ರದ 64ನೇ ಒಂದು ಭಾಗಕ್ಕೆ, ಕಟ್ಟಿದರೆ ಇಂಗ್ಲಿಷ್ ಲೆಕ್ಕದಲ್ಲಿ 476 ಮಿ.ಮೀ., ಫ್ರೆಂಚ್ ಲೆಕ್ಕದಲ್ಲಿ 507.5 ಮಿ.ಮೀ., ಡಚ್ ಲೆಕ್ಕದಲ್ಲಿ 442 ಮಿ.ಮೀ. ಆಗುತ್ತದೆ. ಹಳೆಯ ಫ್ರೆಂಚ್ ಪುಸ್ತಕದ ಅಂಕಿಗಳನ್ನು ಪರಿವರ್ತಿಸದೆ ಎತ್ತಿಕೊಂಡ ಅನುವಾದಗಳು ಇರುವುದರಿಂದ ಮೂಲ ಅಳತೆ ಯಾವ ದೇಶದ್ದೆಂದು ಖಚಿತ ಮಾಡಿಕೊಳ್ಳಿ.

ಪ್ರಮಾಣ ಖಚಿತವಾದ ಮೇಲೆ 1.7 ಮೀಟರ್ ಎತ್ತರದ ಒಬ್ಬ ಮನುಷ್ಯನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಳ್ಳಿ. 1:48ಕ್ಕೆ 35 ಮಿ.ಮೀ., 1:64ಕ್ಕೆ ಸುಮಾರು 27 ಮಿ.ಮೀ., 1:96ಕ್ಕೆ 18 ಮಿ.ಮೀ. ಕಿಟ್‌ನ ಚುಕ್ಕಾಣಿ ಚಕ್ರ, ಏಣಿ, ಕಟಾಂಜನ, ಬಾಗಿಲುಗಳ ಪಕ್ಕ ಅವನನ್ನು ನಿಲ್ಲಿಸಿ. ಬಾಗಿಲು ಅವನ ಸೊಂಟಕ್ಕೆ ಬಂದರೆ, ಚಕ್ರ ಅವನ ತಲೆ ಮೀರಿದರೆ, ಆ ಬಿಡಿಭಾಗ ಬೇರೆ ಪ್ರಮಾಣದ್ದು. ಪುಸ್ತಕ ತೆರೆಯದೆಯೇ ಅರ್ಧ ತಪ್ಪುಗಳನ್ನು ಹಿಡಿಯುವ ಪರೀಕ್ಷೆ ಇದು.

ಹಂತ 6: ಕಂಬ ಮತ್ತು ಹಗ್ಗಕ್ಕೆ ಆ ಕಾಲದ ಪುಸ್ತಕಗಳು

ಒಡಲಿಗೆ ನಕ್ಷೆ ಸಿಕ್ಕರೂ ಹಾಯಿಕಂಬ, ಅಡ್ಡಕಂಬ, ಹಗ್ಗಗಳಿಗೆ ಸಾಮಾನ್ಯವಾಗಿ ನಕ್ಷೆ ಸಿಗುವುದಿಲ್ಲ. ಅವುಗಳನ್ನು ನಿಯಮದಂತೆ ಮಾಡುತ್ತಿದ್ದುದರಿಂದ ಪ್ರತಿ ಹಡಗಿಗೂ ಬರೆದಿಡುವ ಅಗತ್ಯ ಬೀಳುತ್ತಿರಲಿಲ್ಲ. ಆ ನಿಯಮಗಳು ಅಚ್ಚಾದ ಪುಸ್ತಕಗಳಲ್ಲಿ ಉಳಿದಿರುವುದು ನಮ್ಮ ಪುಣ್ಯ. ಡೇವಿಡ್ ಸ್ಟೀಲ್ 1794ರಲ್ಲಿ ಪ್ರಕಟಿಸಿದ ರಿಗ್ಗಿಂಗ್ (ಕಂಬ, ಹಗ್ಗಗಳ ಜೋಡಣೆ) ಗ್ರಂಥದಲ್ಲಿ ಹಡಗಿನ ಗಾತ್ರಕ್ಕೆ ತಕ್ಕಂತೆ ಹಗ್ಗ, ರಾಟೆಗಳ ಉದ್ದನೆಯ ಕೋಷ್ಟಕಗಳಿವೆ. ಡಾರ್ಸಿ ಲೀವರ್ 1808ರಲ್ಲಿ ತಂದ ಪುಸ್ತಕದಲ್ಲಿ ಯಾವ ಹಗ್ಗ ಎಲ್ಲಿಂದ ಹೊರಟು ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಚಿತ್ರಗಳೇ ಇವೆ. ವಿಲಿಯಂ ಫಾಲ್ಕನರ್‌ನ 1769ರ ನೌಕಾ ನಿಘಂಟು ಪದಗಳ ಅರ್ಥ ಬಿಡಿಸುತ್ತದೆ. ಮೂರಕ್ಕೂ ಹಕ್ಕುಸ್ವಾಮ್ಯ ಮುಗಿದಿದೆ, ಸ್ಕ್ಯಾನ್ ಪ್ರತಿಗಳು ಡಿಜಿಟಲ್ ಗ್ರಂಥಾಲಯಗಳಲ್ಲಿ ಸಿಗುತ್ತವೆ. ವ್ಯಾಪಾರಿ ಹಡಗುಗಳ ಆಕಾರಕ್ಕೆ ಸ್ವೀಡನ್ನಿನ ಚಾಪ್‌ಮನ್ 1768ರಲ್ಲಿ ಪ್ರಕಟಿಸಿದ ನಕ್ಷೆಗಳ ಸಂಪುಟ ನೋಡಲೇಬೇಕಾದದ್ದು. ಈಚಿನವರಲ್ಲಿ ಜೇಮ್ಸ್ ಲೀಸ್ 1625ರಿಂದ 1860ರವರೆಗಿನ ಇಂಗ್ಲಿಷ್ ಯುದ್ಧನೌಕೆಗಳ ಕಂಬ, ಹಗ್ಗಗಳ ಬಗ್ಗೆಯೂ, ಬ್ರಯನ್ ಲ್ಯಾವೆರಿ 1600ರಿಂದ 1815ರವರೆಗಿನ ಶಸ್ತ್ರ, ಸಲಕರಣೆಗಳ ಬಗ್ಗೆಯೂ ಬರೆದ ಗ್ರಂಥಗಳು ಕೆಲಸದ ಮೇಜಿನ ಮೇಲೆ ಸದಾ ಇರಬೇಕಾದವು. ದುಬಾರಿಯಾದರೆ ಗ್ರಂಥಾಲಯಗಳ ನಡುವಿನ ಎರವಲು ವ್ಯವಸ್ಥೆಯಲ್ಲಿ ತರಿಸಿ.

ಪುಸ್ತಕದ ವರ್ಷ ನಿಮ್ಮ ಹಡಗಿನ ವರ್ಷಕ್ಕೆ ಹತ್ತಿರವಿರಲಿ. 1794ರ ಕೋಷ್ಟಕವನ್ನು 1680ರ ಹಡಗಿಗೆ ಹಾಕುವಂತಿಲ್ಲ.

ಈ ಕೋಷ್ಟಕಗಳನ್ನು ಬಳಸುವಾಗ ಮರೆಯಬಾರದ ಸಂಗತಿ: ಹಗ್ಗದ ಅಳತೆ ಅದರ ಸುತ್ತಳತೆಯಲ್ಲಿರುತ್ತದೆ, ವ್ಯಾಸದಲ್ಲಿ ಅಲ್ಲ. ಕೋಷ್ಟಕದಲ್ಲಿ 6 ಇಂಚು ಎಂದಿದ್ದರೆ ಅದನ್ನು 3.14ರಿಂದ ಭಾಗಿಸಿ. ವ್ಯಾಸ 1.91 ಇಂಚು, ಅಂದರೆ 48.5 ಮಿ.ಮೀ. ಅದನ್ನು 64ರಿಂದ ಭಾಗಿಸಿದರೆ ನಿಮಗೆ ಬೇಕಾದ ದಾರ 0.76 ಮಿ.ಮೀ. ದಪ್ಪದ್ದು. ಸುತ್ತಳತೆಯನ್ನೇ ವ್ಯಾಸವೆಂದುಕೊಂಡರೆ 2.4 ಮಿ.ಮೀ. ಬರುತ್ತದೆ, ಹಡಗು ಹಗ್ಗದಲ್ಲೇ ಮುಳುಗಿಹೋಗುತ್ತದೆ. ಎಲ್ಲ ಹಗ್ಗಗಳನ್ನೂ ಹೀಗೆ ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿಟ್ಟುಕೊಂಡರೆ ಕಿಟ್‌ನ ಎರಡು ಮೂರು ದಪ್ಪದ ದಾರ ಎಷ್ಟು ಸಾಲದೆಂದು ತಾನೇ ಕಾಣುತ್ತದೆ. ಮಾದರಿಯ ಅಂದ ಹೆಚ್ಚಿಸುವುದರಲ್ಲಿ ಸರಿಯಾದ ದಪ್ಪದ ದಾರಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಂಬಕ್ಕೂ ಹೀಗೇ. 18ನೇ ಶತಮಾನದ ಕೊನೆಯ ಇಂಗ್ಲಿಷ್ ಯುದ್ಧನೌಕೆಯಲ್ಲಿ ಕೆಳ ಡೆಕ್ಕಿನ ಉದ್ದ ಮತ್ತು ಹಡಗಿನ ಅಗಲ ಕೂಡಿಸಿ ಅರ್ಧ ಮಾಡಿದರೆ ಸ್ಥೂಲವಾಗಿ ಮುಖ್ಯ ಕಂಬದ ಕೆಳತುಂಡಿನ ಉದ್ದ ಬರುತ್ತದೆ. 150 ಅಡಿ ಉದ್ದ, 40 ಅಡಿ ಅಗಲವಿದ್ದರೆ 95 ಅಡಿ. 1:64ರಲ್ಲಿ ಅದು 452 ಮಿ.ಮೀ. ಕಿಟ್‌ನ ಕಂಬ ಇದಕ್ಕಿಂತ ಬಹಳ ಹೆಚ್ಚು ಕಡಿಮೆಯಿದ್ದರೆ ಕಾರಣ ಹುಡುಕಬೇಕು.

ಹಂತ 7: ನಿಂತಿರುವ ಹಡಗು, ಪ್ರತಿಕೃತಿ, ಚಿತ್ರ, ಹಳೆಯ ಮಾದರಿ

ಸಂಗ್ರಹಾಲಯದಲ್ಲಿರುವ ನಿಜವಾದ ಹಡಗಿನ ಫೋಟೋ ಕಂಡ ಕೂಡಲೇ ಅದನ್ನೇ ಕೊನೆಯ ಮಾತೆಂದು ಒಪ್ಪಿಬಿಡುವ ಆಸೆಯಾಗುತ್ತದೆ. ಪೋರ್ಟ್ಸ್‌ಮತ್‌ನಲ್ಲಿರುವ ವಿಕ್ಟರಿಯನ್ನು 1920ರ ದಶಕದಲ್ಲಿ ಒಣ ಕಟ್ಟೆಗೇರಿಸಿ 1805ರ ರೂಪಕ್ಕೆ ತರಲು ಕೆಲಸ ಮಾಡಿದರು. ಬಹಳ ಕಾಲ ಅದರ ಪಟ್ಟೆಗಳು ಗಾಢ ಹಳದಿಯಾಗಿದ್ದವು. ಪದರ ಪದರವಾದ ಹಳೆಯ ಬಣ್ಣವನ್ನು ಅಧ್ಯಯನ ಮಾಡಿ 2015ರಲ್ಲಿ ಹೆಚ್ಚು ತಿಳಿಯಾದ, ನಸುಗುಲಾಬಿ ಛಾಯೆಯ ಹಳದಿ ಬಳಿದರು. ಅಂದರೆ 2010ರ ಫೋಟೋ ಮತ್ತು 2016ರ ಫೋಟೋ ಎರಡು ಬೇರೆ ಅಭಿಪ್ರಾಯಗಳನ್ನು ತೋರಿಸುತ್ತವೆ. ಫೋಟೋ ತೆಗೆದ ವರ್ಷವನ್ನೂ ಬರೆದಿಡಿ.

ಪ್ರತಿಕೃತಿಗಳ ವಿಷಯದಲ್ಲಿ ಕಟ್ಟಿದ್ದು ಯಾಕೆ ಎಂದು ಕೇಳಬೇಕು. 1993ರಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ನೀರಿಗಿಳಿದ ಎಂಡೆವರ್ ಪ್ರತಿಕೃತಿ ಮೂಲ ನಕ್ಷೆಗಳನ್ನು ಅಭ್ಯಾಸ ಮಾಡಿ ಕಟ್ಟಿದ್ದು. ಎಂಜಿನ್‌ನಂಥ ಆಧುನಿಕ ಅಗತ್ಯಗಳನ್ನು ಬಿಟ್ಟು ನೋಡಿದರೆ ಡೆಕ್ಕಿನ ವಿವರಕ್ಕೆ ಬಹಳ ಸಹಾಯವಾಗುತ್ತದೆ. 1962ರ ಸಿನಿಮಾಕ್ಕಾಗಿ ಕಟ್ಟಿದ ಬೌಂಟಿಯ ಉದ್ದೇಶವೇ ಬೇರೆ. ಕ್ಯಾಮೆರಾ ಮತ್ತು ಸಿಬ್ಬಂದಿಗೆ ಜಾಗ ಬೇಕೆಂದು ಅದನ್ನು ಮೂಲಕ್ಕಿಂತ ಸಾಕಷ್ಟು ದೊಡ್ಡದಾಗಿ ಕಟ್ಟಿದರು. 2012ರಲ್ಲಿ ಸ್ಯಾಂಡಿ ಚಂಡಮಾರುತದಲ್ಲಿ ಅದು ಮುಳುಗುವವರೆಗೂ ತೆಗೆದ ಸಾವಿರಾರು ಫೋಟೋಗಳು ಇಂದಿಗೂ ‘ಬೌಂಟಿ’ ಎಂಬ ಹೆಸರಿನಲ್ಲೇ ಓಡಾಡುತ್ತಿವೆ. ಬ್ಲೈ ಎಂಬ ಅಧಿಕಾರಿ ನಡೆಸಿದ ಮೂಲ ಬೌಂಟಿಗೆ ಆಧಾರ ಬೇಕಾದರೆ ಡೆಪ್ಟ್‌ಫೋರ್ಡ್ ಹಡಗುಕಟ್ಟೆಯಲ್ಲಿ 1787ರಲ್ಲಿ ಬರೆದ ನಕ್ಷೆಗಳಿಗೇ ಹೋಗಬೇಕು. ಅದು ಸಾಗಿಸಬೇಕಿದ್ದ ಬ್ರೆಡ್‌ಫ್ರೂಟ್ (ದೀವಿಹಲಸು) ಸಸಿಗಳ ಕುಂಡಗಳಿಗೆ ಮಾಡಿದ ಜಾಗ ಕೂಡ ಅಲ್ಲಿ ಕಾಣುತ್ತದೆ.

ಚಿತ್ರಕಾರರಲ್ಲೂ ಭೇದ ಮಾಡಿ. 17ನೇ ಶತಮಾನದ ಹಿರಿಯ ವಿಲೆಮ್ ಫಾನ್ ಡೆ ವೆಲ್ಡೆ ನೌಕಾಪಡೆಯ ಜೊತೆ ಸಮುದ್ರಕ್ಕೇ ಹೋಗಿ ಹಡಗುಗಳನ್ನು ನೋಡಿ ಬರೆದವನು. ಅವನ ರೇಖಾಚಿತ್ರ ಸಾಕ್ಷಿಯೆನ್ನಬಹುದು. ಇಂಗ್ಲಿಷ್ ಚಿತ್ರಕಾರ ಟರ್ನರ್ 1839ರಲ್ಲಿ ಪ್ರದರ್ಶಿಸಿದ, ಟೆಮರೇರ್ ಎಂಬ ಹಳೆಯ ಯುದ್ಧನೌಕೆಯ ಚಿತ್ರ ಮನಸ್ಸನ್ನು ಕಲಕುವ ಕಲಾಕೃತಿ, ಆದರೆ ಒಡೆಯಲು ಎಳೆದೊಯ್ಯುವ ಹೊತ್ತಿಗೆ ಆ ಹಡಗಿನ ಕಂಬಗಳನ್ನು ಆಗಲೇ ಇಳಿಸಿಬಿಟ್ಟಿದ್ದರು. ಚಿತ್ರದಲ್ಲಿ ಅವು ಭವ್ಯವಾಗಿ ನಿಂತಿವೆ. ಹಗ್ಗದ ವಿವರಕ್ಕೆ ಅಂಥ ಚಿತ್ರದ ಬಳಿ ಹೋಗಬಾರದು.

ಆ ಕಾಲದಲ್ಲೇ ಮಾಡಿದ ಮಾದರಿಗಳು ಸಿಕ್ಕರೆ ಅದೃಷ್ಟವೆಂದೇ ತಿಳಿಯಿರಿ. ಕಾನ್‌ಸ್ಟಿಟ್ಯೂಷನ್‌ನ ಕ್ಯಾಪ್ಟನ್ ಐಸಾಕ್ ಹಲ್ 1813ರಲ್ಲಿ ಅಮೆರಿಕದ ಸೇಲಂ ಊರಿನ ನಾವಿಕರ ಸಂಘಕ್ಕೆ ಕೊಟ್ಟ ಮಾದರಿ ಈಗ ಅಲ್ಲಿನ ಪೀಬಡಿ ಎಸ್ಸೆಕ್ಸ್ ಸಂಗ್ರಹಾಲಯದಲ್ಲಿದೆ. 1812ರ ಹಡಗು ಕಟ್ಟುವವರಿಗೆ ಅದಕ್ಕಿಂತ ಹತ್ತಿರದ ಕಣ್ಸಾಕ್ಷಿ ಬೇರೆ ಸಿಗುವುದು ಕಷ್ಟ. ಗ್ರೀನಿಚ್‌ನಲ್ಲೂ ಅಮೆರಿಕದ ಅನ್ನಾಪೊಲಿಸ್‌ನಲ್ಲೂ 17 ಮತ್ತು 18ನೇ ಶತಮಾನದ ಮಾದರಿಗಳ ದೊಡ್ಡ ಸಂಗ್ರಹಗಳಿವೆ. ನೋಡುವಾಗ ಒಡಲನ್ನು ನಂಬಿ, ಹಗ್ಗಗಳನ್ನು ಅನುಮಾನಿಸಿ. ಎಷ್ಟೋ ಹಳೆಯ ಮಾದರಿಗಳಿಗೆ ಹಗ್ಗ ಕಟ್ಟಿರುವುದು ಬಹಳ ಕಾಲದ ನಂತರ ದುರಸ್ತಿ ಮಾಡಿದವರು.

ಹಂತ 8: ಕಾಲಕ್ಕೆ ಸೇರದ್ದನ್ನು ಥಟ್ಟನೆ ಹಿಡಿಯುವ ಕೆಲವು ಗುರುತುಗಳು

ಹೊಸ ಆಕರ ಕೈಗೆ ಬಂದಾಗ ಮೊದಲು ಧ್ವಜ ನೋಡಿ. ಬ್ರಿಟಿಷ್ ಯೂನಿಯನ್ ಧ್ವಜಕ್ಕೆ ಐರ್ಲೆಂಡಿನ ಕೆಂಪು ಓರೆ ಶಿಲುಬೆ ಸೇರಿದ್ದು 1801ರಲ್ಲಿ. 1768ರ ಎಂಡೆವರ್ ಮೇಲೆ ಅದು ಹಾರುತ್ತಿದ್ದರೆ ಚಿತ್ರ ಬರೆದವರು ಉಳಿದದ್ದನ್ನೂ ಪರಿಶೀಲಿಸಿರಲಾರರು. 1795ರಿಂದ 1818ರವರೆಗೆ ಅಮೆರಿಕದ ಧ್ವಜದಲ್ಲಿ 15 ನಕ್ಷತ್ರ, 15 ಪಟ್ಟೆ.

ಆಮೇಲೆ ತಳ. ಬ್ರಿಟಿಷ್ ನೌಕಾಪಡೆ ತಾಮ್ರದ ತಗಡನ್ನು 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮೇಲೆ ಪ್ರಯೋಗಿಸಿತು, ಪಡೆಗೆಲ್ಲ ಹೊಡೆಯಲು ಶುರುಮಾಡಿದ್ದು ಸುಮಾರು 1779ರಿಂದ. ಎಂಡೆವರ್‌ಗೆ ತಾಮ್ರ ಇರಲಿಲ್ಲ, ಬೌಂಟಿಗೆ ಇತ್ತು. ತಗಡಿನ ಗಾತ್ರ 4 ಅಡಿಗೆ 14 ಇಂಚು, 1:64ರಲ್ಲಿ 19 ಮಿ.ಮೀ.ಗೆ 5.6 ಮಿ.ಮೀ. ಕಿಟ್‌ನ ತಗಡುಗಳ ಮೇಲೆ ಉಬ್ಬಿ ನಿಂತ ಮೊಳೆತಲೆಗಳು ನಿಜವಾದ ಹಡಗಿನಲ್ಲಿ ಕೆಲವು ಅಡಿ ದೂರದಿಂದಲೇ ಕಾಣದಷ್ಟು ಚಪ್ಪಟೆಯಾಗಿದ್ದವು.

ಚುಕ್ಕಾಣಿ ಚಕ್ರ ಬಂದದ್ದು 18ನೇ ಶತಮಾನದ ಆರಂಭದಲ್ಲಿ, ಅದಕ್ಕೂ ಮೊದಲು ನೆಟ್ಟಗಿನ ಕೋಲು ಹಿಡಿದು ತಿರುಗಿಸುತ್ತಿದ್ದರು. ಗಿಡ್ಡ, ದಪ್ಪ ಕ್ಯಾರನೇಡ್ ಫಿರಂಗಿ ಸ್ಕಾಟ್ಲೆಂಡಿನ ಕ್ಯಾರನ್ ಕಾರ್ಖಾನೆಯಿಂದ ಬಂದದ್ದು 1770ರ ದಶಕದ ಕೊನೆಗೆ.

ಹಂತ 9: ಇತರರು ಕಟ್ಟಿದ ಮಾದರಿಗಳ ಫೋಟೋ

ಅದೇ ಕಿಟ್ ಕಟ್ಟಿದವರ ಹಂತ ಹಂತದ ಫೋಟೋಗಳು ಕೈಕೆಲಸಕ್ಕೆ ಅಮೂಲ್ಯ. ಹಲಗೆ ಬಾಗಿಸುವುದು ಹೇಗೆ, ಯಾವ ತುಂಡು ಎಲ್ಲಿ ಕೂರುವುದಿಲ್ಲ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಗುರುಗಳಿಲ್ಲ. ಇತಿಹಾಸಕ್ಕೆ ಮಾತ್ರ ಅವರೂ ಅದೇ ಪುಸ್ತಿಕೆಯನ್ನೇ ನೋಡಿರುತ್ತಾರೆ. ಹತ್ತು ಜನ ಒಂದೇ ರೀತಿ ಕಟ್ಟಿದ್ದಾರೆ ಎಂದರೆ ಹತ್ತು ಸಾಕ್ಷಿಗಳಿವೆ ಎಂದಲ್ಲ, ಸಾಕ್ಷಿ ಒಂದೇ. ಪುಸ್ತಕಗಳಿಗೂ ಇದು ಅನ್ವಯಿಸುತ್ತದೆ. ಮೂರು ಪುಸ್ತಕಗಳು ಒಂದೇ ನಕ್ಷೆಯಿಂದ ಎತ್ತಿಕೊಂಡಿದ್ದರೆ ಅವನ್ನು ಒಂದೆಂದೇ ಎಣಿಸಿ. ಈಗ ಕಂಪ್ಯೂಟರ್ ಸೃಷ್ಟಿಸಿದ ಹಡಗಿನ ಚಿತ್ರಗಳೂ ಹುಡುಕಾಟದಲ್ಲಿ ಸೇರಿಕೊಳ್ಳುತ್ತಿವೆ. ಒಂದು ಹಗ್ಗವನ್ನು ಆರಿಸಿ ಅದರ ಜಾಡು ಹಿಡಿದು ಹೋಗಿ. ರಾಟೆಯೂ ಇಲ್ಲದೆ, ಗೂಟವೂ ಇಲ್ಲದೆ ಗಾಳಿಯಲ್ಲಿ ಕರಗಿಹೋದರೆ ಆ ಚಿತ್ರವನ್ನು ಬದಿಗಿಡಿ.

ಹಂತ 10: ಆಧಾರದ ಪುಸ್ತಕ ಇಡಿ

ಒಂದು ನೋಟ್‌ಬುಕ್ಕಿನಲ್ಲಿ ಹಡಗಿನ ಪ್ರತಿ ಭಾಗಕ್ಕೂ ಒಂದು ಪುಟ. ಏನು ತೀರ್ಮಾನ ಮಾಡಿದಿರಿ, ಯಾವ ಆಧಾರದ ಮೇಲೆ, ಅದು ಯಾವ ವರ್ಷದ್ದು ಎಂದು ಬರೆದು ಪಕ್ಕದಲ್ಲಿ ದರ್ಜೆ ಕೊಡಿ. ಅದೇ ಹಡಗಿನ, ಅದೇ ಕಾಲದ ದಾಖಲೆಯಾದರೆ ‘ಅ’. ಸೋದರ ಹಡಗು ಅಥವಾ ಅದೇ ಕಾಲದ ಸಾಮಾನ್ಯ ರೂಢಿಯಾದರೆ ‘ಆ’. ಈಚಿನ ವಿದ್ವಾಂಸರ ಊಹೆಯಾದರೆ ‘ಇ’. ಕಿಟ್‌ನದ್ದು ಬಿಟ್ಟು ಬೇರೇನೂ ಸಿಗದಿದ್ದರೆ ‘ಈ’. ಎರಡು ಆಕರಗಳು ಒಂದಕ್ಕೊಂದು ವಿರುದ್ಧ ಹೇಳಿದಾಗ ಮೇಲಿನ ದರ್ಜೆಯದನ್ನು ಹಿಡಿಯಿರಿ. ದರ್ಜೆ ಸಮನಾದರೆ ನಿಮ್ಮ ವರ್ಷಕ್ಕೆ ಹತ್ತಿರದ್ದನ್ನು. ಅದೂ ಸಮನಾದರೆ ಹಡಗಿನಲ್ಲಿ ಕೆಲಸ ಮಾಡುವ ನಾವಿಕನಿಗೆ ಯಾವುದು ನಡೆಯುತ್ತಿತ್ತು ಎಂದು ಯೋಚಿಸಿ. ಫಿರಂಗಿ ಹಿಂದಕ್ಕೆ ಚಿಮ್ಮಲು ಜಾಗ ಬೇಕು, ಹಗ್ಗ ದೋಣಿಗೆ ಉಜ್ಜಬಾರದು, ಏಣಿಯ ಬಾಯಿಗೆ ಅಡ್ಡವಾಗಿ ಏನೂ ಇರಬಾರದು.

ಎಲ್ಲೂ ಉತ್ತರ ಸಿಗದ ಒಂದೆರಡು ಪ್ರಶ್ನೆಗಳು ಉಳಿದರೆ ಸಂಗ್ರಹಾಲಯದ ಕ್ಯುರೇಟರ್‌ಗೆ ಬರೆಯಿರಿ. ‘ಬೌಂಟಿಯ ಬಗ್ಗೆ ಮಾಹಿತಿ ಕಳಿಸಿ’ ಎಂದರೆ ಉತ್ತರ ಬರುವುದು ಕಷ್ಟ. ‘ಇಂಥ ಸಂಖ್ಯೆಯ ನಕ್ಷೆಯಲ್ಲಿ ಮುಖ್ಯ ಕಂಬದ ಹಿಂದೆ ಕಾಣುವ ಚೌಕ ಪಂಪಿನದೋ, ಏಣಿಯ ಬಾಯಿಯದೋ?’ ಎಂದು ಆ ಭಾಗದ ಚಿತ್ರ ಕತ್ತರಿಸಿ ಕಳಿಸಿದರೆ ಅವರಿಗೂ ಉತ್ತರಿಸಲು ಉತ್ಸಾಹ ಬರುತ್ತದೆ.

ಹುಡುಕಾಟ ಮುಗಿಯಲೆಂದು ಕಾಯುತ್ತಾ ಕೂರಬೇಡಿ. ಬಲ್ಕ್‌ಹೆಡ್ ಅಂಟಿಸುವ ಮೊದಲು ಒಡಲಿನ ಆಕಾರ ಮತ್ತು ಪ್ರಮಾಣ ಖಚಿತವಾಗಿದ್ದರೆ ಸಾಕು. ಡೆಕ್ ಮುಚ್ಚುವ ಮೊದಲು ಒಳಗಿನ ವಿವರ, ಕಂಬ ನಿಲ್ಲಿಸುವ ಮೊದಲು ಹಗ್ಗದ ಪಟ್ಟಿ ಸಿದ್ಧವಿರಲಿ. ಹಗ್ಗ ಸುತ್ತುವ ಗೂಟಗಳನ್ನು ಮಾತ್ರ ಡೆಕ್ಕಿನ ಹಂತದಲ್ಲೇ ಕೂರಿಸಬೇಕಾಗುತ್ತದೆ, ಆದ್ದರಿಂದ ಗೂಟಗಳ ನಕ್ಷೆಯನ್ನು ಬೇಗ ಹುಡುಕಿ. ಮಾದರಿ ಪೂರ್ತಿಯಾದ ಮೇಲೆ ಪೀಠದ ಅಡಿಯಲ್ಲಿ ಒಂದು ಚೀಟಿ ಅಂಟಿಸಿ: ಹಡಗು, ವರ್ಷ, ಪ್ರಮಾಣ, ಒಡಲಿಗೆ ಆಧಾರವಾದ ನಕ್ಷೆಯ ಸಂಖ್ಯೆ, ಕಂಬ ಮತ್ತು ಹಗ್ಗಕ್ಕೆ ಬಳಸಿದ ಪುಸ್ತಕ, ಮತ್ತು ಯಾವ ಯಾವ ಭಾಗ ಊಹೆಯದು ಎಂಬ ಸಾಲು.